ಗಡಿಯಾರಗಳ ಹೊಂದಾಣಿಕೆ: ಉಗಾರ ಬುದ್ರುಕದ ನಿದರ್ಶನ

ಒಂದೇ ಆಧಾರಕ್ಕೆ ತೂಗಹಾಕಿದ ಎರಡು ಲೋಲಕ ಗಡಿಯಾರಗಳ ಲಯವು ಕ್ರಮೇಣ ಪರಸ್ಪರ ಹೊಂದಿಕೊಳ್ಳುವುದನ್ನು ಡಚ್ ವಿಜ್ಞಾನಿ ಹೈಗೆನ್ಸನು 1665ರಲ್ಲಿ ಕಂಡನು. ಇಂತಹ ಅನೇಕ ಆಂದೋಲಕಗಳ ಹೊಂದಾಣಿಕೆಗೆ ಜಪಾನಿನ ಕುರಾಮೊಟೊ ಅವರು 1975ರಲ್ಲಿ ಗಣಿತರೂಪವನ್ನು ಕೊಟ್ಟರು. ಸಂಪರ್ಕದ ಬಲವು ಒಂದು ಮಿತಿಯನ್ನು ಮೀರಿದಾಗಲೇ ಸಾಮೂಹಿಕ ಲಯವು ಹುಟ್ಟುವುದೆಂಬುದು ಅದರ ಸಾರ. ಊರುಗಳ ಕಾಲಗಣನೆಯೂ ಹೀಗೆಯೇ ಒಂದಾಯಿತೇ ಎಂಬುದನ್ನು ಕೃಷ್ಣಾ ತೀರಪ್ರದೇಶದ ಉಗಾರ ಬುದ್ರುಕದ ನಿದರ್ಶನದಿಂದ ನಾವಿಲ್ಲಿ ವಿಚಾರಿಸುತ್ತೇವೆ.

ಈ ಗ್ರಾಮವು ಸುಮಾರು 74.8 ಅಂಶ ಪೂರ್ವ ರೇಖಾಂಶದಲ್ಲಿರುವುದರಿಂದ ಇಲ್ಲಿಯ ಸ್ಥಳೀಯ ಕಾಲವು ಗ್ರೀನಿಚ್ ಕಾಲಕ್ಕಿಂತ 4 ಗಂಟೆ 59 ನಿಮಿಷ ಮುಂದಿದೆ. ಮುಂಬಯಿಯ ಕಾಲವು 4 ಗಂಟೆ 51 ನಿಮಿಷ, ಮದರಾಸಿನದು 5 ಗಂಟೆ 21 ನಿಮಿಷ ಮುಂದು. ಸೂರ್ಯೋದಯದಿಂದ ಗಳಿಗೆಗಳನ್ನೆಣಿಸುತ್ತಿದ್ದ ರೈತನಿಗೆ ಈ ಅಂತರಗಳಿಂದ ಬಾಧಕವಿರಲಿಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಬೆಳಗಾವಿ–ಮೀರಜ್ ಮಾರ್ಗವನ್ನು ಹಾಕಿದ ಮೇಲೆ ಸ್ಥಿತಿಯು ಬದಲಾಯಿತು. ಅಂದು ದೇಶದ ರೈಲುಗಳು ತಂತಿಯ ಮೂಲಕ ಬರುತ್ತಿದ್ದ ಮದರಾಸು ಕಾಲವನ್ನು ಅನುಸರಿಸುತ್ತಿದ್ದವು. ಹೀಗಾಗಿ ಉಗಾರದ ಸೂರ್ಯನಿಗೂ ರೈಲಿನ ಗಡಿಯಾರಕ್ಕೂ 22 ನಿಮಿಷಗಳ, ಎಂದರೆ ಹೆಚ್ಚುಕಡಿಮೆ ಒಂದು ಗಳಿಗೆಯ, ವ್ಯತ್ಯಾಸವುಂಟಾಯಿತು. ಊರಿನ ಕಾಲವೂ ರೈಲಿನ ಕಾಲವೂ ಎರಡು ಪದರಗಳಾಗಿ ನಿಂತವು. ರೈಲು ಹಿಡಿಯಬೇಕಾದವನು ಮಾತ್ರ ಅವೆರಡನ್ನೂ ಬಲ್ಲವನಾಗಿರಬೇಕಾಗಿತ್ತು.

ಆಜ್ಞೆಯೊಂದರಿಂದಲೇ ಈ ಪದರಗಳು ಕೂಡಲಾರವೆಂಬುದಕ್ಕೆ ಮುಂಬಯಿಯೇ ಸಾಕ್ಷಿ. 1881ರಲ್ಲಿ ಗವರ್ನರ್ ಫರ್ಗುಸನ್ನರು ಅಲ್ಲಿ ಮದರಾಸು ಕಾಲವನ್ನು ಜಾರಿಗೆ ತಂದರು. ಜನವಿರೋಧದಿಂದ 1883ರಲ್ಲಿ ಅದನ್ನು ಕೈಬಿಡಬೇಕಾಯಿತು. 1906ರ ಜನವರಿ 1ರಿಂದ 5 ಗಂಟೆ 30 ನಿಮಿಷಗಳ ಭಾರತೀಯ ಪ್ರಮಾಣಕಾಲವು ಬಂದಾಗ ಮುಂಬಯಿಯ ಗಡಿಯಾರಗಳು 39 ನಿಮಿಷ ಮುಂದೆ ಸರಿಯಬೇಕಾಗಿತ್ತು. ಗಿರಣಿ ಕೂಲಿಗಾರರು ಪ್ರತಿಭಟಿಸಿದರು. ನಗರದಲ್ಲಿ ಹಳೆಯ ಕಾಲದ ಬಳಕೆಯು 1955ರವರೆಗೂ ಉಳಿಯಿತು. ಸೂರ್ಯೋದಯಕ್ಕೆ ಮೊದಲೇ ಕೆಲಸಕ್ಕೆ ಹೊರಡಬೇಕಾದವನಿಗೆ ಆ 39 ನಿಮಿಷಗಳು ನಿದ್ದೆಯ ಪ್ರಶ್ನೆಯಾಗಿದ್ದವು.

ಉಗಾರದ ಪರಿಸರದಲ್ಲಿ ಸಂಪರ್ಕಗಳು ಒಂದರ ಮೇಲೊಂದು ಬಂದು ಸೇರಿದವು. ರೈಲಿನ ತರುವಾಯ 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆಯ ಪಾಳಿಗಳು, ಶಾಲೆಗಳು, ಆಕಾಶವಾಣಿ ಇವೆಲ್ಲ ಒಂದೇ ಪ್ರಮಾಣಕಾಲವನ್ನು ಮನೆಮನೆಗೆ ತಂದವು. ಆದರೂ ಪಂಚಾಂಗವು ಇಂದಿಗೂ ಸೂರ್ಯೋದಯವನ್ನೇ ಆಧಾರವಾಗಿಟ್ಟುಕೊಂಡಿದೆ. ಆದ್ದರಿಂದ ಕಾಲದ ಏಕತೆಯು ಶಾಸನದ ಫಲವೆನ್ನುವುದಕ್ಕಿಂತ ಜನರ ನಿತ್ಯವ್ಯವಹಾರದಲ್ಲಿ ಹೆಚ್ಚುತ್ತ ಬಂದ ಸಂಪರ್ಕಗಳ ಫಲವೆಂದೂ, ಅಂತಹ ಸಂಪರ್ಕವಿಲ್ಲದ ಪದರವು ತನ್ನ ಲಯವನ್ನು ಕಾಪಾಡಿಕೊಳ್ಳುವುದೆಂದೂ ನಾವು ಭಾವಿಸುತ್ತೇವೆ.