ಚಲಿಸುವ ಚಿತ್ರವನ್ನು ಮೇಲ್ಮೈಗೆ ಹೊದಿಸಿದ ಬಗೆ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರವು ರಚಿಸುವ ಮೂರು ಆಯಾಮಗಳ ದೃಶ್ಯದಲ್ಲಿ ಗೋಡೆಯ ಮೇಲೆ ಇಲ್ಲವೆ ಗೋಳದ ಮೇಲೆ ವಿಡಿಯೋ ಓಡುವುದನ್ನು ಇಂದು ಯಾರೂ ಆಶ್ಚರ್ಯದಿಂದ ನೋಡುವುದಿಲ್ಲ. ಯಂತ್ರಗಳ ವೇಗ ಹೆಚ್ಚಿದುದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಅಭಿಪ್ರಾಯವು ಅರ್ಧಸತ್ಯವೆಂದು ನಮ್ಮ ಎಣಿಕೆ. ಸಾಗಿಸುವ ಹೊರೆಯನ್ನು ತಗ್ಗಿಸಿದ, ವ್ಯರ್ಥವಾಗಿ ಕಾಯುವುದನ್ನು ತಪ್ಪಿಸಿದ ಉಪಾಯಗಳ ಪಾತ್ರವೂ ಅಷ್ಟೇ ಮುಖ್ಯವೆಂಬುದನ್ನು ಇಲ್ಲಿ ತೋರಿಸಬಯಸುತ್ತೇವೆ.

ಮೇಲ್ಮೈಗೆ ಚಿತ್ರವನ್ನು ಹೊದಿಸುವ ಟೆಕ್ಸ್ಚರ್ ವಿಧಾನವನ್ನು ಎಡ್ವಿನ್ ಕ್ಯಾಟ್ಮಲ್ ಅವರು 1974ರಲ್ಲಿ ಯೂಟಾ ವಿಶ್ವವಿದ್ಯಾನಿಲಯದ ತಮ್ಮ ಪ್ರೌಢಪ್ರಬಂಧದಲ್ಲಿ ನಿರೂಪಿಸಿದರು. ಒಂದೇ ಚಿತ್ರದ ಕಿರಿಕಿರಿದಾದ ಪ್ರತಿಗಳನ್ನು ಮೊದಲೇ ಸಿದ್ಧಪಡಿಸಿಡುವ ಮಿಪ್‌ಮ್ಯಾಪ್ ಕ್ರಮವನ್ನು ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ಪ್ರಕಟಿಸಿದರು. ಒಮ್ಮೆ ಸಿದ್ಧಪಡಿಸಿ ಸಾವಿರ ಬಾರಿ ಬಳಸುವ ಸ್ಥಿರಚಿತ್ರಕ್ಕೆ ಈ ಕ್ರಮವು ಲಾಭಕರ. ವಿಡಿಯೋದಲ್ಲಾದರೋ ಪ್ರತಿಯೊಂದು ಫ್ರೇಮೂ ಹೊಸದು. ಸಿದ್ಧತೆಯ ವೆಚ್ಚವನ್ನು ಪ್ರತಿ ಸಲವೂ ತೆರಬೇಕು.

ಹೊರೆಯ ಪ್ರಮಾಣವನ್ನು ಲೆಕ್ಕಹಾಕಿ ನೋಡೋಣ. 1920 × 1080 ಪಿಕ್ಸೆಲ್‌ಗಳ ಫ್ರೇಮಿಗೆ, ಪಿಕ್ಸೆಲ್ಲಿಗೆ 4 ಬೈಟ್‌ಗಳಂತೆ, 82,94,400 ಬೈಟ್‌ಗಳು ಬೇಕು. ಸೆಕೆಂಡಿಗೆ 30 ಫ್ರೇಮುಗಳಾದರೆ ಮೊತ್ತವು ಸುಮಾರು 25 ಕೋಟಿ ಬೈಟ್‌ಗಳಾಗುತ್ತದೆ.

ಮೊದಲ ಉಪಾಯವು ಸ್ಥಳದ ಮಿತವ್ಯಯಕ್ಕೆ ಸಂಬಂಧಿಸಿದುದು. 1992ರ ಓಪನ್‌ಜಿಎಲ್‌ನ ಮೊದಲ ಆವೃತ್ತಿಯಲ್ಲಿ ಟೆಕ್ಸ್ಚರನ್ನು ಬದಲಿಸಬೇಕಾದರೆ ಅದನ್ನು ಪೂರ್ತಿಯಾಗಿ ಮತ್ತೆ ನಿರ್ದೇಶಿಸಬೇಕಾಗಿತ್ತು. 1.1ನೆಯ ಆವೃತ್ತಿಯು, ಕಾದಿರಿಸಿದ ಸ್ಥಳವನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಚಿತ್ರವನ್ನು ಮಾತ್ರ ಬದಲಿಸಲು ಎಡೆಗೊಟ್ಟಿತು. ಎರಡನೆಯದು ಕಾಲಕ್ಕೆ ಸಂಬಂಧಿಸಿದುದು. 2004ರಲ್ಲಿ ವಿಸ್ತರಣೆಯಾಗಿ ಬಂದು 2006ರಲ್ಲಿ 2.1ನೆಯ ಆವೃತ್ತಿಗೆ ಸೇರಿದ ಪಿಕ್ಸೆಲ್ ಬಫರುಗಳಿಂದ, ಸಾಗಣೆ ಮುಗಿಯುವವರೆಗೆ ಕಾಯದೆ ಮುಂದಿನ ಕೆಲಸಕ್ಕೆ ತೊಡಗುವುದು ಸಾಧ್ಯವಾಯಿತು. ಒಂದು ಕೊಡ ಬರಿದಾಗುತ್ತಿರುವಾಗ ಇನ್ನೊಂದು ತುಂಬುವಂತೆ, ಎರಡು ಬಫರುಗಳನ್ನು ಸರದಿಯಂತೆ ಬಳಸುವ ಪದ್ಧತಿ ರೂಢಿಗೆ ಬಂತು.

ಮೂರನೆಯ ಉಪಾಯದ ಬೇರು ಗಣಕಯಂತ್ರದಲ್ಲಿಲ್ಲ, ಮನುಷ್ಯನ ಕಣ್ಣಿನಲ್ಲಿದೆ. ಬೆಳಕಿನ ಸೂಕ್ಷ್ಮಭೇದಗಳನ್ನು ಗ್ರಹಿಸುವಷ್ಟು ಚೆನ್ನಾಗಿ ಕಣ್ಣು ಬಣ್ಣದ ಸೂಕ್ಷ್ಮಭೇದಗಳನ್ನು ಗ್ರಹಿಸದು. 1953ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ವರ್ಣದೂರದರ್ಶನ ಪದ್ಧತಿಯು ಇದನ್ನರಿತೇ ಬಣ್ಣದ ವಿವರಕ್ಕೆ ಕಡಮೆ ಅವಕಾಶವನ್ನಿತ್ತಿತ್ತು. ಅದೇ ತತ್ತ್ವವನ್ನು ಅನುಸರಿಸಿ, ನಾಲ್ಕು ಪಿಕ್ಸೆಲ್‌ಗಳು ಬಣ್ಣದ ಒಂದೇ ವಿವರವನ್ನು ಹಂಚಿಕೊಂಡರೆ ಮೇಲೆ ಹೇಳಿದ ಫ್ರೇಮಿಗೆ 31,10,400 ಬೈಟ್‌ಗಳು ಸಾಕು. ಗ್ರಾಫಿಕ್ಸ್ ಸಂಸ್ಕಾರಕಗಳಿಗೆ ಆದೇಶಾವಳಿಯನ್ನು ಬರೆಯಲು ಸಾಧ್ಯವಾದ ಬಳಿಕ, ಚಿತ್ರವನ್ನು ಈ ಕಿರಿದಾದ ರೂಪದಲ್ಲಿಯೇ ಕಳುಹಿಸಿ ವರ್ಣಪರಿವರ್ತನೆಯನ್ನು ಅಲ್ಲಿಯೇ ನಡೆಸುವುದು ಸುಲಭವಾಯಿತು. ಹೊರೆಯು ಎಂಟರಲ್ಲಿ ಮೂರು ಪಾಲಿಗೆ ಇಳಿಯಿತು.

2011ರಲ್ಲಿ ಆಂಡ್ರಾಯ್ಡ್ 3.0ಕ್ಕೆ ಸೇರಿದ ಸರ್ಫೇಸ್‌ಟೆಕ್ಸ್ಚರ್ ಎಂಬ ಏರ್ಪಾಡಿನಲ್ಲಿ, ಬಿಡಿಸಿದ ಫ್ರೇಮನ್ನೇ ಟೆಕ್ಸ್ಚರ್ ಆಗಿ ಬಳಸುವ ದಾರಿ ದೊರೆಯಿತು. ಸಾಗಣೆಯನ್ನು ಚುರುಕುಗೊಳಿಸುವುದಕ್ಕಿಂತ ಸಾಗಣೆಯನ್ನೇ ತಪ್ಪಿಸುವುದು ಮೇಲೆಂಬ ವಿಚಾರವು ಇಲ್ಲಿ ಸ್ಪಷ್ಟವಾಗಿದೆ.

ಫ್ರೇಮು 3840 × 2160 ಪಿಕ್ಸೆಲ್‌ಗಳಿಗೆ ಹಿಗ್ಗಿ, ಸೆಕೆಂಡಿಗೆ 60 ಫ್ರೇಮುಗಳಾದರೆ ಹೊರೆಯು ಎಂಟು ಮಡಿಯಾಗುತ್ತದೆ. ಯಂತ್ರದ ವೇಗ ಗಳಿಸಿಕೊಟ್ಟುದನ್ನು ನಮ್ಮ ಬಯಕೆಯು ಹೀಗೆ ಬೇಗನೆ ನುಂಗಿಬಿಡುತ್ತದೆ. ಆದುದರಿಂದ ಈ ಇತಿಹಾಸವನ್ನು ವೇಗದ ಕಥೆಯಾಗಿ ಮಾತ್ರ ಬೋಧಿಸುವುದು ತರವಲ್ಲ. ಏನನ್ನು ಸಾಗಿಸದೆ ಬಿಡಬಹುದು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಯು ಮೊದಲು ಕೇಳುವಂತಾಗಬೇಕೆಂಬುದು ನಮ್ಮ ಅಭಿಮತ.