ನರಿಮಲೆಯ ಜಗುಲಿ ಮತ್ತು ಬೆಂಕಿಯ ಕಾವಲು

ಕೊಡಗಿನ ಇತಿಹಾಸವೆಂದೊಡನೆ ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಹಾಲೇರಿ ಅರಸರು, 1792ರ ನಾಲ್ಕುನಾಡು ಅರಮನೆ, 1834ರಲ್ಲಿ ರಾಜ್ಯವು ಕಂಪನಿಯ ವಶವಾದದ್ದು ನೆನಪಾಗಬಹುದು. ಪರೀಕ್ಷೆಗೆ ಅಷ್ಟು ಸಾಕಿತ್ತು. ಪಠ್ಯಪುಸ್ತಕಕ್ಕೆ ಎಂದೂ ಬಾರದ ಇನ್ನೊಂದು ಇತಿಹಾಸವಿದೆ. ಅದು ಕಾಡಿನ ಬೆಂಕಿಯನ್ನು ಕಾಯುವವರದು.

ಬೇಸಗೆಯಲ್ಲಿ ಒಣಹುಲ್ಲಿಗೆ ಬೆಂಕಿಯಿಡುವುದು ಮಲೆನಾಡಿನ ಹಳೆಯ ರೂಢಿ. ಮಳೆ ಬಿದ್ದಾಗ ದನಗಳಿಗೆ ಎಳೆಹುಲ್ಲು ಚಿಗುರಲಿ ಎಂಬುದು ಅದರ ಉದ್ದೇಶ. ತೇಗದ ಮರವನ್ನು ಹಣವಾಗಿ ಎಣಿಸತೊಡಗಿದ ಬ್ರಿಟಿಷ್ ಸರ್ಕಾರಕ್ಕೆ ಅದೇ ಬೆಂಕಿ ಅಪರಾಧವಾಗಿ ಕಂಡಿತು. 1864ರಲ್ಲಿ ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಆ ದಶಕದಲ್ಲಿಯೇ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಬೆಂಕಿ ತಡೆಯುವ ಪ್ರಯೋಗ ಆರಂಭವಾಯಿತು. ಹುಲ್ಲನ್ನು ಪಟ್ಟಿಯಾಗಿ ಸವರಿ ಬೆಂಕಿರೇಖೆ ಮಾಡುವುದು, ಎತ್ತರದಲ್ಲಿ ಕಾವಲಿಡುವುದು ಮುಂದೆ ಎಲ್ಲೆಡೆ ಹಬ್ಬಿತು. ಅಮೆರಿಕದಲ್ಲಿ 1910ರ ಮಹಾ ಕಾಳ್ಗಿಚ್ಚಿನ ನಂತರ ಶಿಖರಗಳ ಮೇಲೆ ಸಾವಿರಾರು ಕಾವಲು ಗೋಪುರಗಳು ಎದ್ದವು.

ನಮ್ಮ ಬ್ರಹ್ಮಗಿರಿಯಲ್ಲಿ ಅಂಥ ವೈಭವವಿಲ್ಲ. ಇರ್ಪು ಜಲಪಾತದ ಬಳಿಯಿಂದ ಏರುವ ದಾರಿಯಲ್ಲಿ ನರಿಮಲೆ ಎಂಬ ಅರಣ್ಯ ಶಿಬಿರವಿದೆ. ಗೋಪುರವಲ್ಲ, ಹುಲ್ಲುಬೆಟ್ಟದ ಮಗ್ಗುಲಲ್ಲಿ ನಿಂತ ಮನೆ. ಅದರ ಜಗುಲಿಯೇ ಗೋಪುರ. 1998ರ ಫೆಬ್ರವರಿಯಲ್ಲಿ ಇಲಾಖೆಯ ಅನುಮತಿ ಪಡೆದು ನಾನು ಅಲ್ಲಿ ಒಂದು ರಾತ್ರಿ ತಂಗಿದ್ದೆ. ಕತ್ತಲಾದ ಮೇಲೆ ದೂರದ ಇಳಿಜಾರಿನಲ್ಲಿ ಕೆಂಪು ಗೆರೆಯೊಂದು ಕಾಣಿಸಿತು. ನೋಡಲು ದೀಪಾವಳಿಯ ಸಾಲುದೀಪದಂತೆ ಅಂದವಾಗಿತ್ತು ಎಂದು ಬರೆಯಲು ಇಂದಿಗೂ ಸಂಕೋಚವಾಗುತ್ತದೆ. ಪಕ್ಕದಲ್ಲಿದ್ದ ಕಾವಲುಗಾರ ಆಗಲೇ ಕತ್ತಿ ಕೈಗೆತ್ತಿಕೊಂಡಿದ್ದ.

"ರಾತ್ರಿ ಬೆಂಕಿ ಹತ್ತಿರ ಕಾಣ್ತದೆ ಮೇಷ್ಟ್ರೆ, ನಡೆದ್ರೆ ದೂರ" ಎಂದ.

ಅವನೂ ಇನ್ನಿಬ್ಬರೂ ಇಳಿದುಹೋದರು. ಅವರ ಆಯುಧವೆಂದರೆ ದಾರಿಯಲ್ಲಿ ಕಡಿದುಕೊಳ್ಳುವ ಹಸಿಸೊಪ್ಪಿನ ಕೊಂಬೆ; ಅದರಿಂದ ಬಡಿದೇ ಹುಲ್ಲಿನ ಬೆಂಕಿಯನ್ನು ನಂದಿಸಬೇಕು. ಬೆಂಕಿ ಇಳಿಜಾರನ್ನು ಏರುವಾಗ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಆದುದರಿಂದ ಅದರ ಮೇಲ್ಗಡೆ ನಿಲ್ಲುವುದು ಅಪಾಯ. ಕಣಿವೆಯ ತೇವದ ಶೋಲಾ ಕಾಡು ಅದನ್ನು ಅಂಚಿನಲ್ಲೇ ತಡೆಯುವುದುಂಟು, ಸತತವಾಗಿ ಒಣಗಿದ ವರ್ಷ ಅದೂ ಸೋಲುತ್ತದೆ. ಬೆಳಗಿನ ಜಾವ ಮೂವರೂ ಮಸಿ ಮೆತ್ತಿದ ಮುಖದಲ್ಲಿ ಹಿಂತಿರುಗಿದಾಗ ನಾನು ಕಾಫಿ ಕಾಸಿಟ್ಟಿದ್ದೆ. ಮಾತಿಗೆ ಯಾರಲ್ಲೂ ಉಸಿರಿರಲಿಲ್ಲ.

2004ರಿಂದ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಮೂಲಕ ಬೆಂಕಿಯನ್ನು ಗುರುತಿಸಿ ರಾಜ್ಯಗಳಿಗೆ ಸುದ್ದಿ ಕಳಿಸುತ್ತಿದೆ. ಒಳ್ಳೆಯದೇ. ಆದರೆ ಉಪಗ್ರಹ ಹಾದುಹೋಗುವ ಹೊತ್ತಿಗೆ ಮಾತ್ರ ಅದರ ಕಣ್ಣು ತೆರೆದಿರುತ್ತದೆ, ಮತ್ತು ನಂದಿಸಲು ಮನುಷ್ಯನೇ ನಡೆದುಹೋಗಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಹಾಗೆ ಹೋದ ಯುವ ಅರಣ್ಯ ರಕ್ಷಕನೊಬ್ಬ ಹಿಂತಿರುಗಲಿಲ್ಲ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಇನ್ನೊಬ್ಬ.

ಇವರಾದರೂ ಇಲಾಖೆಯ ನೌಕರರು. ಬೇಸಗೆಗೆಂದು ಸೇರಿಸಿಕೊಳ್ಳುವ ಕಾವಲುಗಾರರಲ್ಲಿ ಬಹಳಷ್ಟು ಮಂದಿ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು, ದಿನಗೂಲಿಯವರು. ಮಳೆ ಹಿಡಿದ ಮೇಲೆ ಅವರಿಗೆ ಆ ಕೆಲಸವಿಲ್ಲ.