ಸ್ಕಾಟ್ಸ್ ಭಾಷೆಯ ಕಾಗುಣಿತಭೇದಗಳೂ ಗಣಕಯಂತ್ರವೂ

ಸ್ಕಾಟ್ಲೆಂಡಿನ ತಗ್ಗುನಾಡುಗಳಲ್ಲಿ ಬಳಕೆಯಲ್ಲಿರುವ ಸ್ಕಾಟ್ಸ್ ಭಾಷೆಯು ಪ್ರಾಚೀನ ಇಂಗ್ಲಿಷಿನ ನಾರ್ತಂಬ್ರಿಯ ಪ್ರಭೇದದಿಂದ ಕವಲೊಡೆದು ಬೆಳೆದುದು. ಇಂದಿನ ಇಂಗ್ಲಿಷಿಗೆ ಇದು ಮಗಳಲ್ಲ, ಸೋದರಿ. ಈ ಭಾಷೆಯ ಹಳೆಯ ಬರಹಗಳನ್ನು ಅಭ್ಯಸಿಸುವವರಿಗೆ ಮೊದಲು ಎದುರಾಗುವ ತೊಡಕೆಂದರೆ ಅದರ ಕಾಗುಣಿತ. ಒಂದೇ ಪದವು ಒಂದೇ ಹಸ್ತಪ್ರತಿಯಲ್ಲಿ ಎರಡು ಮೂರು ಬಗೆಯಾಗಿ ಕಾಣಿಸಿಕೊಳ್ಳುವುದುಂಟು. ಈ ವೈವಿಧ್ಯವು ಹೇಗೆ ಉಂಟಾಯಿತು, ಯಂತ್ರದ ನೆರವಿನಿಂದ ಭಿನ್ನರೂಪಗಳನ್ನು ಹೊಂದಿಸುವುದು ಎಷ್ಟರಮಟ್ಟಿಗೆ ಸಾಧ್ಯ, ಹಾಗೆ ಹೊಂದಿಸುವಾಗ ಯಾವುದನ್ನು ಕಳೆದುಕೊಳ್ಳಬಾರದು ಎಂಬುದೇ ಪ್ರಸ್ತುತ ವಿಚಾರ.

ಸುಮಾರು 1375ರಲ್ಲಿ ಜಾನ್ ಬಾರ್ಬರ್ ಕವಿಯು ರಾಬರ್ಟ್ ಬ್ರೂಸ್ ದೊರೆಯ ಚರಿತ್ರೆಯನ್ನು ಈ ಭಾಷೆಯಲ್ಲಿ ಕಾವ್ಯವಾಗಿ ರಚಿಸಿದನು. 1424ರಿಂದೀಚೆಗೆ ಪಾರ್ಲಿಮೆಂಟಿನ ಶಾಸನಗಳೂ ಲ್ಯಾಟಿನ್ನಿಗೆ ಬದಲಾಗಿ ಹೆಚ್ಚಾಗಿ ಇದರಲ್ಲಿಯೇ ಬರತೊಡಗಿದುವು. ಹೀಗೆ ರಾಜ್ಯಭಾಷೆಯ ಪದವಿಗೇರಿದ ಸ್ಕಾಟ್ಸ್ ತನ್ನದೇ ಆದ ಬರವಣಿಗೆಯ ಸಂಪ್ರದಾಯಗಳನ್ನು ಪಡೆಯಿತು. ಇಂಗ್ಲಿಷಿನ 'ವಾಟ್' ಪದವು ಡಬ್ಲ್ಯೂ-ಎಚ್ ಅಕ್ಷರಗಳಿಂದ ಮೊದಲಾದರೆ, ಅದರ ಸ್ಕಾಟ್ಸ್ ರೂಪವು ಕ್ಯೂ-ಯು-ಎಚ್ ಅಕ್ಷರಗಳಿಂದ ಮೊದಲಾಗುತ್ತಿತ್ತು. ಸ್ವರದ ದೀರ್ಘತೆಯನ್ನು ತೋರಿಸಲು ಅದರ ಮುಂದೆ ಐ ಅಕ್ಷರವನ್ನು ಸೇರಿಸುವ ರೂಢಿಯಿತ್ತು. ಭೂತಕಾಲದ ಪ್ರತ್ಯಯವನ್ನು ಇ-ಡಿ ಎನ್ನುವ ಬದಲು ಐ-ಟಿ ಎಂದು ಬರೆಯುತ್ತಿದ್ದರು. ಯು, ವಿ, ಡಬ್ಲ್ಯೂಗಳು ಒಂದರ ಸ್ಥಾನದಲ್ಲಿ ಮತ್ತೊಂದು ಬರುತ್ತಿದ್ದುವು. ರೂಢಿಗಳಿದ್ದುವೇ ಹೊರತು ಅವುಗಳನ್ನು ಕಡ್ಡಾಯಗೊಳಿಸುವ ಅಧಿಕಾರವು ಯಾರಿಗೂ ಇರಲಿಲ್ಲ.

ಏಕರೂಪತೆ ನೆಲೆಗೊಳ್ಳುವ ಮೊದಲೇ ಇತಿಹಾಸವು ಬೇರೆ ದಾರಿ ಹಿಡಿಯಿತು. 1560ರ ಮತಸುಧಾರಣೆಯ ತರುವಾಯ ಜನರ ಕೈಗೆ ಬಂದ ಬೈಬಲ್ ಇಂಗ್ಲಿಷಿನದು. 1603ರಲ್ಲಿ ದೊರೆಯಾದ ಆರನೆಯ ಜೇಮ್ಸನು ಲಂಡನ್ನಿಗೆ ತೆರಳಿದನು. 1707ರಲ್ಲಿ ಪಾರ್ಲಿಮೆಂಟುಗಳೂ ಒಂದಾದುವು. ಬರಹದ ಮಾದರಿ ದಕ್ಷಿಣದಿಂದ ಬರತೊಡಗಿತು. ಹದಿನೆಂಟನೆಯ ಶತಮಾನದಲ್ಲಿ ಆಲನ್ ರ‍್ಯಾಮ್ಸೆ, ರಾಬರ್ಟ್ ಬರ್ನ್ಸ್ ಮೊದಲಾದ ಕವಿಗಳು ಭಾಷೆಗೆ ಪುನರುಜ್ಜೀವನವನ್ನಿತ್ತರೂ, ಇಂಗ್ಲಿಷಿನ ಅಕ್ಷರವೊಂದು ಇಲ್ಲಿ ಲೋಪವಾಗಿದೆಯೆಂಬಂತೆ ಲೋಪಚಿಹ್ನೆಗಳನ್ನು ಬಳಸಿದರು. ಈ ಕ್ಷಮಾಯಾಚನೆಯ ಚಿಹ್ನೆಯನ್ನು ಬಿಡಬೇಕೆಂದು 1947ರಲ್ಲಿ ಎಡಿನ್‌ಬರೋದ ಕವಿಗಳು ಒಂದು ನಿಯಮಾವಳಿಯನ್ನು ಸಿದ್ಧಪಡಿಸಿದರು. ಅದನ್ನು ಕೆಲವರು ಅನುಸರಿಸಿದರು, ಕೆಲವರು ಬಿಟ್ಟರು.

ಈ ಸಮಸ್ತ ಸಾಮಗ್ರಿಯನ್ನು ಗಣಕಯಂತ್ರಕ್ಕೆ ಒಪ್ಪಿಸಿದಾಗ ಏನಾಗುವುದು? ಯಂತ್ರಕ್ಕೆ ಪ್ರತಿಯೊಂದು ಭಿನ್ನರೂಪವೂ ಬೇರೆಯೇ ಪದ. ಒಂದು ರೂಪವನ್ನು ಹುಡುಕಿದವನಿಗೆ ಉಳಿದವು ಸಿಕ್ಕುವುದಿಲ್ಲ. ಇದಕ್ಕೆ ಮೂರು ಬಗೆಯ ಪರಿಹಾರಗಳುಂಟು. ಮೊದಲನೆಯದು ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಪದ್ಧತಿಯಂತಹ ಧ್ವನಿಸಂಕೇತ. ಅದು ಪದದ ಮೊದಲ ಅಕ್ಷರವನ್ನು ಹಾಗೆಯೇ ಉಳಿಸಿ, ಮುಂದಿನ ವ್ಯಂಜನಗಳನ್ನು ಅಂಕಿಗಳಾಗಿ ಮಾರ್ಪಡಿಸುತ್ತದೆ. ಮೇಲೆ ಹೇಳಿದ 'ವಾಟ್' ಪದದ ಎರಡು ರೂಪಗಳಲ್ಲಿ ಅಂಕಿಗಳು ಒಂದೇ ಆದರೂ ಮೊದಲ ಅಕ್ಷರ ಬೇರೆಯಾದುದರಿಂದ ಅವು ಕೂಡುವುದೇ ಇಲ್ಲ.

ಎರಡನೆಯದು ಸೋವಿಯತ್ ಗಣಿತಜ್ಞ ಲೆವೆನ್‌ಶ್ಟೈನ್ 1965ರಲ್ಲಿ ನಿರೂಪಿಸಿದ ಅಂತರಗಣನೆ. ಒಂದು ರೂಪವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬುದೇ ಅಂತರ. ಸ್ಕಾಟ್ಸ್ ರೂಪದಿಂದ ಇಂಗ್ಲಿಷ್ 'ವಾಟ್' ರೂಪಕ್ಕೆ ಅಂತರ 2. ಆದರೆ 'ವಾಟ್' ಎಂಬುದಕ್ಕೂ ಟೋಪಿ ಎಂಬರ್ಥದ 'ಹ್ಯಾಟ್' ಎಂಬುದಕ್ಕೂ ಅಂತರ 1 ಮಾತ್ರ! ಎಂದರೆ ಕೇವಲ ಎಣಿಕೆಯು ಸ್ವಜನರನ್ನು ದೂರವಿಟ್ಟು ಪರಕೀಯರನ್ನು ಹತ್ತಿರ ತರುತ್ತದೆ.

ಆದುದರಿಂದ ಮೂರನೆಯ ಮಾರ್ಗವು ಅವಶ್ಯಕ: ಭಾಷೆಯ ಇತಿಹಾಸದಿಂದ ತಿಳಿದುಬಂದ ಪರ್ಯಾಯಗಳನ್ನು ನಿಯಮಗಳಾಗಿ ಯಂತ್ರಕ್ಕೆ ಕಲಿಸಿ, ಅಂತಹ ಬದಲಾವಣೆಗೆ ಅಂತರವನ್ನು ಎಣಿಸದಿರುವುದು. ಈ ನಿಯಮಗಳಿಗೆ ಆಕರವು ಕೋಶಕಾರರ ಶ್ರಮ. 1931ರಿಂದ 2002ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಪ್ರಾಚೀನ ಸ್ಕಾಟ್ಸ್ ಕೋಶವೂ, 1976ರಲ್ಲಿ ಮುಗಿದ ಹತ್ತು ಸಂಪುಟಗಳ ರಾಷ್ಟ್ರೀಯ ಕೋಶವೂ ಭಿನ್ನರೂಪಗಳನ್ನು ದಾಖಲಿಸಿವೆ. 2004ರಲ್ಲಿ ಇವೆರಡೂ ಒಟ್ಟಾಗಿ ವಿದ್ಯುನ್ಮಾನರೂಪದಲ್ಲಿ ದೊರೆತುವು. ಆದರೂ ಸಂದರ್ಭದ ವಿವೇಚನೆ ತಪ್ಪದು. ಎಚ್-ಎ-ಐ-ಎಲ್ ಎಂಬ ರೂಪವು ಸ್ಕಾಟ್ಸಿನಲ್ಲಿ 'ಸಮಗ್ರ' ಎಂದಾಗಬಹುದು, 'ಆಲಿಕಲ್ಲು' ಎಂದೂ ಆಗಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಎಲ್ಲ ರೂಪಗಳನ್ನೂ ಇಂಗ್ಲಿಷಿನ ಕಾಗುಣಿತಕ್ಕೆ ತಿದ್ದಿಬಿಟ್ಟರೆ ಹುಡುಕಾಟ ಸುಲಭವಾದೀತು, ಇತಿಹಾಸವು ಅಳಿದೀತು. ಏಮಿ ಡೆವಿಟ್ ಅವರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1520ರಿಂದ 1659ರವರೆಗಿನ ಬರಹಗಳನ್ನು ಪರಿಶೀಲಿಸಿ, ಮೇಲ್ಕಂಡ ಕ್ಯೂ-ಯು-ಎಚ್, ಐ-ಟಿ ಮುಂತಾದ ಲಕ್ಷಣಗಳು ಇಂಗ್ಲಿಷ್ ರೂಪಗಳಿಗೆ ಎಡೆಗೊಟ್ಟ ಬಗೆಯನ್ನು ಅಳೆದರು. ಧಾರ್ಮಿಕ ಗ್ರಂಥಗಳಲ್ಲಿ ಬದಲಾವಣೆ ವೇಗವಾಗಿಯೂ ಸಾರ್ವಜನಿಕ ದಾಖಲೆಗಳಲ್ಲಿ ನಿಧಾನವಾಗಿಯೂ ನಡೆಯಿತೆಂಬುದು ಕಂಡುಬಂದಿತು. ಭಾಷೆಯೊಂದು ತನ್ನ ಸ್ಥಾನವನ್ನು ಹೇಗೆ ಕಳೆದುಕೊಂಡಿತೆಂಬುದಕ್ಕೆ ಈ ಅಕ್ಷರಗಳೇ ಸಾಕ್ಷಿ.

ಆದಕಾರಣ ಮೂಲಪಾಠವನ್ನು ಮುಟ್ಟದೆ, ಅದರ ಪಕ್ಕದಲ್ಲಿ ಶಿರೋಪದವನ್ನು ಸೂಚಿಯಾಗಿ ಇರಿಸುವುದೇ ಯುಕ್ತವಾದ ಕ್ರಮ. ಆ ಶಿರೋಪದವು ಇಂಗ್ಲಿಷಿನದಾಗಿರದೆ ಸ್ಕಾಟ್ಸ್ ಕೋಶದ್ದಾಗಿರಬೇಕು. 2011ರ ಜನಗಣತಿಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನರು ಈ ಭಾಷೆಯನ್ನು ಆಡಬಲ್ಲೆವೆಂದು ಬರೆಯಿಸಿದರು. ಅದನ್ನು ಇಂಗ್ಲಿಷಿನ ಅಪಭ್ರಂಶವೆಂದು ಬಗೆದವರು ಹಿಂದೆ ಹಲವರಿದ್ದರು. ಆ ತೀರ್ಪನ್ನು ಯಂತ್ರವು ಅರಿಯದೆಯೇ ಪುನರುಚ್ಚರಿಸದಂತೆ ನೋಡಿಕೊಳ್ಳುವುದು ವಿದ್ವಾಂಸರ ಹೊಣೆ.